ಮಗುವನ್ನು ಮನೆಯಲ್ಲೇ ಓದಿಸುವ ಮುನ್ನ: ಕಾನೂನು, ಹಾಜರಾತಿ, ಕಾಗದಪತ್ರ

"ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದರೆ ಪೊಲೀಸರು ಬರ್ತಾರಾ?" ಹೋಮ್‌ಸ್ಕೂಲಿಂಗ್ ಕಡೆ ಮನಸ್ಸು ಮಾಡುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಬಹುಮಟ್ಟಿಗೆ ಇದನ್ನೇ. ಬರುವುದಿಲ್ಲ. ಆದರೆ ಆ ಉತ್ತರ ಸಿಕ್ಕ ಕೂಡಲೇ ನಿರಾಳರಾಗಿ ಬಿಡುವವರು ಇನ್ನೊಂದು ಪ್ರಶ್ನೆಯನ್ನು ಕೇಳದೆ ಹೋಗುತ್ತಾರೆ. ಇದೇ ಮಗು ನಾಳೆ ಸಿಇಟಿ ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತಾಗ ಅದರ ಕೈಯಲ್ಲಿ ಯಾವ ಯಾವ ಕಾಗದ ಇರಬೇಕು? ನಮ್ಮ ರಾಜ್ಯದಲ್ಲಿ ಮನೆಯಲ್ಲಿ ಓದಿದ ಮಕ್ಕಳಿಗೆ ಪೆಟ್ಟು ಬೀಳುವುದು ಅಲ್ಲಿ. ಆದ್ದರಿಂದ ಈ ಲೇಖನವನ್ನು ಓದುವವರು ಹಿಂದಿನಿಂದ ಮುಂದಕ್ಕೆ ಯೋಚಿಸಬೇಕು. ಹತ್ತನೇ ತರಗತಿಯ ಪ್ರಮಾಣಪತ್ರ ಎಲ್ಲಿಂದ ಬರುತ್ತದೆ, ಮುಂದೆ ಯಾವ ಕಾಲೇಜು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಒಂದನೇ ತರಗತಿಯ ವಿಚಾರಕ್ಕೆ ಬನ್ನಿ.

ಕಾನೂನು ಏನು ಹೇಳುತ್ತದೆ

2002ರ 86ನೇ ತಿದ್ದುಪಡಿ ಸಂವಿಧಾನಕ್ಕೆ 21ಎ ವಿಧಿಯನ್ನು ಸೇರಿಸಿತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದೇ ತಿದ್ದುಪಡಿ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೂ ಒಂದು ಸಾಲು ಸೇರಿಸಿ, ಆ ವಯಸ್ಸಿನ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆ ತಾಯಿಯ ಕರ್ತವ್ಯ ಎಂದಿತು. ಗಮನಿಸಿ, ಅಲ್ಲಿ ಶಾಲೆ ಎಂಬ ಮಾತಿಲ್ಲ, ಶಿಕ್ಷಣ ಎಂದಷ್ಟೇ ಇದೆ. ಹೋಮ್‌ಸ್ಕೂಲಿಂಗ್ ಪರ ವಾದಿಸುವವರು ಹಿಡಿದುಕೊಳ್ಳುವ ಎಳೆ ಇದು.

ಆದರೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಆರ್‌ಟಿಇ, ಅಷ್ಟು ಸಡಿಲವಾಗಿಲ್ಲ. ಅದರ 10ನೇ ಕಲಂ ಪ್ರಕಾರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಶಾಲೆ ಎಂದರೇನು ಎಂಬುದನ್ನೂ ಕಾಯ್ದೆಯೇ ಹೇಳಿಬಿಟ್ಟಿದೆ: ಸರ್ಕಾರಿ, ಅನುದಾನಿತ, ಮಾನ್ಯತೆ ಪಡೆದ ಅನುದಾನರಹಿತ ಶಾಲೆ, ಜೊತೆಗೆ ಕೇಂದ್ರೀಯ ವಿದ್ಯಾಲಯ, ನವೋದಯದಂಥ ವಿಶೇಷ ವರ್ಗದವು. ಮನೆ ಆ ಪಟ್ಟಿಯಲ್ಲಿಲ್ಲ.

ಹಾಗಾದರೆ ಕರ್ತವ್ಯ ಮಾಡದ ಪೋಷಕರಿಗೆ ಶಿಕ್ಷೆ ಏನು? ಆರ್‌ಟಿಇ ಕಾಯ್ದೆಯನ್ನು ಮೊದಲಿಂದ ಕೊನೆವರೆಗೆ ಓದಿದರೂ ಅಪ್ಪ ಅಮ್ಮನಿಗೆ ದಂಡ ಹಾಕುವ ಒಂದು ಕಲಂ ಸಿಗುವುದಿಲ್ಲ. ಇದು ಮರೆವಿನಿಂದ ಆದದ್ದೇನೂ ಅಲ್ಲ. ಕಡ್ಡಾಯ ಎಂಬುದಕ್ಕೆ 8ನೇ ಕಲಂ ಕೊಡುವ ಅರ್ಥವೇ ಸರ್ಕಾರಕ್ಕೆ ಕಡ್ಡಾಯ ಎಂದು. ಮಗುವಿನ ದಾಖಲಾತಿ, ಹಾಜರಾತಿ, ಎಂಟನೇ ತರಗತಿ ಮುಗಿಸುವಿಕೆ, ಈ ಮೂರನ್ನೂ ಸರ್ಕಾರವೇ ಖಾತ್ರಿಪಡಿಸಬೇಕು. ಮಕ್ಕಳನ್ನು ಕೂಲಿಗೆ ಕರೆದೊಯ್ಯುವ ಬಡವರಿಗೆ ದಂಡ ಹಾಕಿದರೆ ಮಗು ಶಾಲೆಗೆ ಬರುವುದಿಲ್ಲ, ಸಾಲ ಮಾತ್ರ ಹೆಚ್ಚುತ್ತದೆ. ಕಾಯ್ದೆ ಬರೆದವರಿಗೆ ಅಷ್ಟು ನೆಲದ ತಿಳಿವಳಿಕೆ ಇತ್ತು ಅನ್ನಬೇಕು.

ಕರ್ತವ್ಯ ಇದೆ, ದಂಡ ಇಲ್ಲ. ಹೋಮ್‌ಸ್ಕೂಲಿಂಗ್ ನಿಂತಿರುವುದು ಈ ಎರಡರ ನಡುವಿನ ಸಂದಿಯಲ್ಲಿ. ಇದಕ್ಕೊಂದು ಸ್ಪಷ್ಟ ಉತ್ತರ ಪಡೆಯುವ ಯತ್ನವೂ ನಡೆಯಿತು. ಮನೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳ ಪರವಾಗಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋದಾಗ, ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ 2012ರಲ್ಲಿ ಅಫಿಡವಿಟ್ ಸಲ್ಲಿಸಿ, ಸ್ವಇಚ್ಛೆಯಿಂದ ಹೋಮ್‌ಸ್ಕೂಲಿಂಗ್ ಆಯ್ದುಕೊಂಡ ಪೋಷಕರಿಗೆ ಆರ್‌ಟಿಇ ಅಡ್ಡ ಬರುವುದಿಲ್ಲ ಎಂದಿತು. ಸ್ವಲ್ಪ ಕಾಲದಲ್ಲೇ ಆ ನಿಲುವನ್ನು ಬದಲಿಸಿತು. ಮನೆಪಾಠವನ್ನು ಒಪ್ಪಿ ನೋಂದಾಯಿಸಿಕೊಳ್ಳುವ ಕಾನೂನು ಅಂದಿನಿಂದ ಬಂದಿಲ್ಲ, ಅಪರಾಧ ಎನ್ನುವ ಕಾನೂನೂ ಬಂದಿಲ್ಲ. ವರ್ಷಕ್ಕೊಮ್ಮೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಕಚೇರಿಗೆ ಒಂದು ಅರ್ಜಿ ಕೊಟ್ಟು "ನಮ್ಮ ಮಗು ಮನೆಯಲ್ಲಿ ಓದುತ್ತಿದೆ" ಎಂದು ತಿಳಿಸುವ ಸರಳ ವ್ಯವಸ್ಥೆ ಮಾಡಿದ್ದರೆ ಎರಡೂ ಕಡೆಯವರಿಗೆ ಅನುಕೂಲವಾಗುತ್ತಿತ್ತು. ಅಂಥ ನಮೂನೆ ನಮ್ಮಲ್ಲಿಲ್ಲ. ಹೋಮ್‌ಸ್ಕೂಲಿಂಗ್ ಅನುಮತಿ ಪತ್ರ ಕೊಡಿಸುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ, ಇಲ್ಲದ ಕಾಗದವನ್ನು ಮಾರುತ್ತಿದ್ದಾರೆಂದೇ ತಿಳಿಯಿರಿ.

ಏಳು ದಿನದ ಲೆಕ್ಕ

ಮನೆ ಬಾಗಿಲಿಗೆ ಪೊಲೀಸರು ಬರುವುದಿಲ್ಲ ಎಂದೆ. ಶಾಲೆಯ ಮೇಷ್ಟ್ರು ಬರಬಹುದು, ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಬರಬಹುದು. ಅದಕ್ಕೆ ಹಿನ್ನೆಲೆಯಿದೆ.

ಕರ್ನಾಟಕದಲ್ಲಿ ಒಂದು ಕಾಲಕ್ಕೆ ಮಗು 60 ದಿನ ಗೈರಾದ ಮೇಲಷ್ಟೇ ಶಾಲೆ ಬಿಟ್ಟ ಮಗು ಎಂದು ಲೆಕ್ಕಕ್ಕೆ ಬರುತ್ತಿತ್ತು. 60 ದಿನ ಎಂದರೆ ಯಾದಗಿರಿ, ರಾಯಚೂರು ಕಡೆಯ ಒಂದು ಕುಟುಂಬ ಗುಳೆ ಹೋಗಿ, ಮಗು ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ತಂಗಿಯನ್ನು ಆಡಿಸುತ್ತಾ ಅಕ್ಷರ ಮರೆಯುವಷ್ಟು ಸಮಯ. ಹತ್ತಿ ಬಿಡಿಸುವ ಕಾಲದಲ್ಲಿ ಊರಲ್ಲೇ ಇದ್ದ ಮಕ್ಕಳೂ ಹೊಲಕ್ಕೆ ಹೋಗಿ, ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತಿದ್ದರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ನೋಡಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ವರ್ಷಗಟ್ಟಲೆ ನಡೆದ ಆ ವಿಚಾರಣೆಯ ಒಂದು ಫಲವೆಂದರೆ 60 ದಿನ ಏಳು ದಿನಕ್ಕಿಳಿದದ್ದು. ತಿಳಿಸದೆ ಸತತ ಏಳು ದಿನ ಬಾರದ ಮಗುವಿನ ಮನೆಗೆ ಶಾಲೆಯವರು ಹೋಗಿ ವಿಚಾರಿಸಬೇಕು, ಮರಳಿ ಕರೆತರಲು ಯತ್ನಿಸಬೇಕು, ಆಗದಿದ್ದರೆ ಮೇಲಿನವರಿಗೆ ತಿಳಿಸಬೇಕು. ಕರ್ನಾಟಕ ಶಿಕ್ಷಣ ಕಾಯ್ದೆ 1983ರಲ್ಲೂ ಹಾಜರಾತಿ ಅಧಿಕಾರಿ, ಹಾಜರಾತಿ ಆದೇಶ ಎಂಬ ಏರ್ಪಾಡುಗಳು ಮೊದಲಿನಿಂದ ಇವೆ.

ಈ ನಿಯಮಗಳ ಕಣ್ಣು ಇರುವುದು ಇಟ್ಟಿಗೆ ಗೂಡಿನ ಮಗುವಿನ ಮೇಲೆ, ಮದುವೆಗೆಂದು ಶಾಲೆ ಬಿಡಿಸಿದ ಏಳನೇ ತರಗತಿಯ ಹುಡುಗಿಯ ಮೇಲೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಮ್ಮನ ಹತ್ತಿರ ಗಣಿತ ಕಲಿಯುವ ಮಗು ಇವುಗಳ ಗುರಿಯಲ್ಲ. ಆದರೂ ಬಲೆ ಒಂದೇ. ಅದರ ಬಗ್ಗೆ ಕೆಲವರು ಸಿಡಿಮಿಡಿಗೊಳ್ಳುವುದನ್ನು ಕೇಳಿದ್ದೇನೆ. "ನಾವು ಓದಿದವರು, ನಮ್ಮನ್ನು ಇವರೇನು ಕೇಳುವುದು" ಎನ್ನುವ ಧಾಟಿ. ನನಗದು ಸರಿ ಕಾಣುವುದಿಲ್ಲ. "ಮಗು ಮನೆಯಲ್ಲೇ ಕಲಿಯುತ್ತಿದೆ" ಎಂಬ ಮಾತಿನ ಹಿಂದೆ ಬಾಲಕಾರ್ಮಿಕತನ ಅಡಗಿರಬಹುದು, ಬಾಲ್ಯವಿವಾಹ ಅಡಗಿರಬಹುದು. ಕೇಳುವವರು ಕೇಳಲೇಬೇಕು. ಬಂದವರನ್ನು ಒಳಗೆ ಕರೆದು ಕೂರಿಸಿ, ಮಗುವನ್ನು ಮಾತಾಡಿಸಲು ಬಿಡಿ, ಮಗು ಬರೆದ ಪುಸ್ತಕ ತೋರಿಸಿ. ಬಹುತೇಕ ಅಲ್ಲಿಗೆ ಮುಗಿಯುತ್ತದೆ.

ಮುಗಿಯದೆ ಉದ್ದವಾಗುವುದು ಒಂದೇ ಸಂದರ್ಭದಲ್ಲಿ. ಮಗುವಿನ ಹೆಸರು ಶಾಲೆಯ ದಾಖಲಾತಿಯಲ್ಲಿ ಹಾಗೇ ಇದ್ದು, ಏನೂ ತಿಳಿಸದೆ ಕಳಿಸುವುದನ್ನು ನಿಲ್ಲಿಸಿಬಿಟ್ಟರೆ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಎಂದು 16ನೇ ಕಲಂ ಹೇಳುವುದರಿಂದ ಶಾಲೆಯವರು ಹೆಸರು ಹೊಡೆದುಹಾಕಲಾರರು, ಇಟ್ಟುಕೊಂಡು ಸುಮ್ಮನಿರಲೂ ಆರರು. ಆದ್ದರಿಂದ ಬಿಡಿಸುವುದೇ ಆದರೆ ಲಿಖಿತ ಅರ್ಜಿ ಕೊಟ್ಟು ವರ್ಗಾವಣೆ ಪ್ರಮಾಣಪತ್ರ, ಅಂದರೆ ಟಿಸಿ, ತೆಗೆದುಕೊಂಡೇ ಬಿಡಿಸಿ. ಈಗ ಟಿಸಿ ಹೊರಡುವುದು ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಿಂದ. ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಇದೇ ಮಗು ಮತ್ತೊಂದು ಶಾಲೆಗೆ ಸೇರುವಾಗಲೂ, ಎಸ್ಸೆಸ್ಸೆಲ್ಸಿ ನೋಂದಣಿಯಲ್ಲೂ ಅದನ್ನೇ ಕೇಳುತ್ತಾರೆ. ಟಿಸಿಯಲ್ಲಿ ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ, ತಂದೆ ತಾಯಿಯ ಹೆಸರು ಇವು ಜನನ ಪ್ರಮಾಣಪತ್ರ ಮತ್ತು ಆಧಾರ್ ಜೊತೆ ತಾಳೆಯಾಗುತ್ತವೆಯೇ ಎಂದು ಶಾಲೆಯ ಕಚೇರಿಯಲ್ಲೇ ನಿಂತು ನೋಡಿ. ಮನೆಗೆ ಬಂದ ಮೇಲೆ ಕಂಡ ತಪ್ಪನ್ನು ತಿದ್ದಿಸುವುದಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಕಾನೂನೇ ಒಪ್ಪಿದ ಮನೆಶಿಕ್ಷಣ

ಮನೆಯಲ್ಲಿ ಓದುವುದನ್ನು ಹಕ್ಕು ಎಂದೇ ಕಾನೂನು ಒಪ್ಪಿರುವುದು ಒಂದು ವರ್ಗದ ಮಕ್ಕಳಿಗೆ. ಆರ್‌ಟಿಇ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ಬಹುವಿಧ ಅಂಗವೈಕಲ್ಯ ಮತ್ತು ತೀವ್ರ ಅಂಗವೈಕಲ್ಯ ಇರುವ ಮಗು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು. ಆಯ್ದುಕೊಳ್ಳುವ ಹಕ್ಕು ಮಗುವಿನದು, ಶಾಲೆಯದಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಗಾಲಿಕುರ್ಚಿಯ ಮಗುವಿಗೆ ಇಳಿಜಾರು ದಾರಿ ಮಾಡಿಕೊಡುವ ಗೋಜಿಗೆ ಹೋಗದೆ "ಮನೆಯಲ್ಲೇ ಇರಲಿ ಬಿಡಿ, ನಾವೇ ಪಾಠ ಕಳಿಸ್ತೀವಿ" ಎಂದು ಸಾಗಹಾಕುವ ಶಾಲೆಗಳಿವೆ. ಹಾಗೆ ಹೇಳಿದರೆ ಒಪ್ಪಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಗದಿತ ಪ್ರಮಾಣದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ, ಅಂದರೆ ಬೇರೆ ಮಕ್ಕಳಿಗಿಂತ ನಾಲ್ಕು ವರ್ಷ ಹೆಚ್ಚು, ನೆರೆಯ ಶಾಲೆಯಲ್ಲೋ ತಾವು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ.

ಗೃಹಾಧಾರಿತ ಶಿಕ್ಷಣ ಬೇಕೆಂದವರು ಮಗುವಿನ ಹೆಸರನ್ನು ಹತ್ತಿರದ ಸರ್ಕಾರಿ ಶಾಲೆಯಲ್ಲಿ ದಾಖಲಿಸಿ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಚೇರಿಯಲ್ಲಿ ವಿಚಾರಿಸಬೇಕು. ಅಂಗವಿಕಲ ಮಕ್ಕಳಿಗಾಗಿ ತಾಲ್ಲೂಕು ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರನ್ನು ಇಲಾಖೆಯಲ್ಲಿ ಬಿಐಇಆರ್‌ಟಿ ಎಂದು ಕರೆಯುತ್ತಾರೆ. ಕೈಯಲ್ಲಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇದ್ದರೆ ಮುಂದಿನ ಕೆಲಸ ಸಲೀಸು. ಎಸ್ಸೆಸ್ಸೆಲ್ಸಿ ಹೊತ್ತಿಗೆ ಹೆಚ್ಚುವರಿ ಸಮಯ, ಬರಹಗಾರರ ನೆರವು, ಭಾಷಾ ವಿನಾಯಿತಿ ಕೇಳುವುದಕ್ಕೂ ಅದೇ ಆಧಾರ.

ನಾಲ್ಕು ಮನೆಯವರು ಸೇರಿದರೆ

ಹೋಮ್‌ಸ್ಕೂಲಿಂಗ್ ಶುರು ಮಾಡಿದ ಕುಟುಂಬಗಳು ಸ್ವಲ್ಪ ದಿನದಲ್ಲೇ ಒಂದಾಗುತ್ತವೆ. ಮಕ್ಕಳಿಗೆ ಜೊತೆ ಬೇಕು. ವಾರಕ್ಕೊಂದು ದಿನ ಒಬ್ಬರ ಮನೆಯಲ್ಲಿ ವಿಜ್ಞಾನ, ಇನ್ನೊಬ್ಬರ ತೋಟದಲ್ಲಿ ಆಟ. ಇಲ್ಲಿವರೆಗೆ ತೊಂದರೆಯಿಲ್ಲ. ಒಂದು ಬಾಡಿಗೆ ಮನೆ ಹಿಡಿದು, ಶಿಕ್ಷಕರನ್ನಿಟ್ಟು, ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಫೀಸು ತೆಗೆದುಕೊಂಡು ಮಕ್ಕಳನ್ನು ಕೂರಿಸಲು ತೊಡಗಿದರೆ ಅದು ಬೇರೆ ಕತೆ. ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ ಆರ್‌ಟಿಇ 18ನೇ ಕಲಂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕುತ್ತದೆ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿವರೆಗೆ. ಪೋಷಕರ ಮೇಲೆ ಮೃದುವಾದ ಕಾಯ್ದೆ ಇಲ್ಲಿ ಮಾತ್ರ ಗಟ್ಟಿಯಾಗಿದೆ. ಬೆಂಗಳೂರು, ಮೈಸೂರಿನ ಸುತ್ತ ತಲೆಯೆತ್ತಿರುವ ಕಲಿಕಾ ಕೇಂದ್ರಗಳಿಗೆ ಮಗುವನ್ನು ಸೇರಿಸುವವರು ಒಂದು ಪ್ರಶ್ನೆ ನೇರವಾಗಿ ಕೇಳಿ: "ನಿಮಗೆ ಇಲಾಖೆಯ ಮಾನ್ಯತೆ ಇದೆಯಾ, ಇಲ್ಲದಿದ್ದರೆ ನನ್ನ ಮಗು ಹತ್ತನೇ ಪರೀಕ್ಷೆಯನ್ನು ಯಾರ ಮೂಲಕ ಬರೆಯುತ್ತೆ?" ಉತ್ತರ ಸುತ್ತಿಬಳಸಿ ಬಂದರೆ ಎದ್ದು ಬನ್ನಿ.

ಹತ್ತನೇ ತರಗತಿಗೆ ಎಷ್ಟು ಬಾಗಿಲು

ಮನೆಯಲ್ಲಿ ಓದಿದ ಮಗುವಿಗೆ ಎಲ್ಲ ಬೋರ್ಡುಗಳೂ ತೆರೆದಿಲ್ಲ. ಶಾಲೆಗೇ ಹೋಗದ ಹೊಸ ವಿದ್ಯಾರ್ಥಿಯನ್ನು ಸಿಬಿಎಸ್‌ಇ ಸಾಮಾನ್ಯವಾಗಿ ಹತ್ತನೇ ಪರೀಕ್ಷೆಗೆ ಖಾಸಗಿಯಾಗಿ ಕೂರಿಸುವುದಿಲ್ಲ. ಐಸಿಎಸ್‌ಇ ಕೂಡ ಶಾಲೆಯ ಮೂಲಕವೇ. ಕೇಂಬ್ರಿಜ್‌ನ ಐಜಿಸಿಎಸ್‌ಇ ಪರೀಕ್ಷೆಯನ್ನು ಕೆಲವು ಕೇಂದ್ರಗಳಲ್ಲಿ ಖಾಸಗಿಯಾಗಿ ಬರೆಯಬಹುದಾದರೂ ಖರ್ಚು ಹೆಚ್ಚು, ಪಿಯುಸಿಗೆ ಬರುವಾಗ ಸಮಾನತೆಯ ಕಾಗದ ಬೇರೆ ಆಗಬೇಕು. ನಮ್ಮ ಬಹುತೇಕ ಕುಟುಂಬಗಳಿಗೆ ಉಳಿಯುವುದು ಎರಡು ದಾರಿ.

ಮೊದಲನೆಯದು ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಆರಂಭವಾಗಿ 2002ರಲ್ಲಿ ಈಗಿನ ಹೆಸರು ಪಡೆದ ಇದು ಕೇಂದ್ರ ಶಿಕ್ಷಣ ಸಚಿವಾಲಯದ ಅಡಿಯ ಬೋರ್ಡ್. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಹತ್ತನೇ ಹಂತಕ್ಕೆ ಸೇರಲು 14 ವರ್ಷ ತುಂಬಿರಬೇಕು. ಎಂಟನೇ ತರಗತಿಯ ಪ್ರಮಾಣಪತ್ರ ಇಲ್ಲದವರು, ಈ ಹಂತವನ್ನು ಓದುವಷ್ಟು ಕಲಿತಿದ್ದೇವೆ ಎಂಬ ಸ್ವಯಂ ದೃಢೀಕರಣ ಕೊಟ್ಟರೆ ಸಾಕು. ಶಾಲೆಯ ಮೆಟ್ಟಿಲನ್ನೇ ಹತ್ತದ ಮಗುವಿಗೂ ಬಾಗಿಲು ತೆರೆಯುವುದು ಈ ಒಂದು ಸಾಲು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಕನಿಷ್ಠ ಒಂದು ಭಾಷೆ, ಹೆಚ್ಚೆಂದರೆ ಎರಡು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ತೇರ್ಗಡೆಗೆ ಶೇಕಡಾ 33. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ. ಒಮ್ಮೆ ಸೇರಿದರೆ ಐದು ವರ್ಷ ಅವಕಾಶ, ಆದ್ದರಿಂದ ಎರಡು ವಿಷಯ ಈ ಸಲ, ಮೂರು ಮುಂದಿನ ಸಲ ಎಂದು ಹಂಚಿಕೊಳ್ಳಬಹುದು. ಗಣಿತವೇ ಬೇಡ ಎನ್ನುವ ಮಗು ಗಣಿತ ಬಿಟ್ಟು ಬೇರೆ ವಿಷಯ ಆರಿಸಬಹುದು. ಪಿಯುಸಿ ವಿಜ್ಞಾನದ ಆಸೆ ಇದ್ದರೆ ಮಾತ್ರ ಆ ಉದಾರತೆಗೆ ಮರುಳಾಗಬೇಡಿ.

ಎನ್‌ಐಒಎಸ್‌ನಲ್ಲಿ ಚಿಕ್ಕವರಿಗೂ ಒಂದು ವಿಭಾಗವಿದೆ. 6ರಿಂದ 14 ವಯಸ್ಸಿನವರಿಗೆ ಮುಕ್ತ ಮೂಲ ಶಿಕ್ಷಣ ಎಂಬ ಹೆಸರಿನಲ್ಲಿ ಎ, ಬಿ, ಸಿ ಎಂಬ ಮೂರು ಹಂತ. ಕ್ರಮವಾಗಿ 3, 5 ಮತ್ತು 8ನೇ ತರಗತಿಗೆ ಸಮಾನ. ಎಂಟನೇ ತರಗತಿಯ ಮಟ್ಟಕ್ಕೆ ಒಂದು ಕಾಗದ ಬೇಕೆನ್ನುವವರು ಸಿ ಹಂತ ಮಾಡಿಸಿಡುವುದು ಒಳ್ಳೆಯದು. ಹನ್ನೆರಡನೇ ಹಂತಕ್ಕೆ ಸೇರಲು 15 ವರ್ಷ ತುಂಬಿರಬೇಕು, ಮತ್ತು ಹತ್ತನೇ ಪಾಸಾದ ವರ್ಷಕ್ಕೂ ಹನ್ನೆರಡರ ಪ್ರಮಾಣಪತ್ರಕ್ಕೂ ನಡುವೆ ಎರಡು ವರ್ಷದ ಅಂತರ ಇರಲೇಬೇಕು. ಜಾಣ ಮಗು ಎಂದು ಒಂದೇ ವರ್ಷದಲ್ಲಿ ಓಡಿಸಿ ಮುಗಿಸುವ ಲೆಕ್ಕಾಚಾರ ಇಲ್ಲಿ ನಡೆಯದು.

ಮುಕ್ತ ಶಾಲೆಯಲ್ಲಿ ಓದಿದರೆ ಡಾಕ್ಟರಾಗಲು ಬಿಡುವುದಿಲ್ಲ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅಂದಿನ ವೈದ್ಯಕೀಯ ಮಂಡಳಿ ಅಂಥ ನಿಯಮ ಇಟ್ಟಿದ್ದುದು ನಿಜ. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ 2024ರಲ್ಲಿ ಇತ್ಯರ್ಥವಾಗಿ, ಮಾನ್ಯತೆ ಪಡೆದ ಮುಕ್ತ ಶಾಲೆಗಳ ವಿದ್ಯಾರ್ಥಿಗಳೂ ನೀಟ್ ಬರೆಯಬಹುದು ಎಂಬುದು ಖಚಿತವಾಯಿತು.

ಎರಡನೆಯ ದಾರಿ ನಮ್ಮದೇ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಇದಕ್ಕೆ ಪ್ರತಿ ವರ್ಷ ಅಧಿಸೂಚನೆ ಹೊರಡಿಸುತ್ತದೆ. 15 ವರ್ಷ ತುಂಬಿರಬೇಕು. ಮಾರ್ಚ್ ಪರೀಕ್ಷೆಯ ನೋಂದಣಿ ಹಿಂದಿನ ವರ್ಷವೇ ಮುಗಿದುಹೋಗುವುದರಿಂದ ಜೂನ್‌ನಿಂದಲೇ ಮಂಡಳಿಯ ಜಾಲತಾಣದ ಮೇಲೆ ಕಣ್ಣಿಡಿ, ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಹೋಗಿ ಕಂಡುಬನ್ನಿ. ಕನ್ನಡ ಮಾಧ್ಯಮದಲ್ಲಿ ಓದಿಸುವವರಿಗೆ ಇದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಪಠ್ಯಪುಸ್ತಕ ಅಂಗಡಿಯಲ್ಲಿ ಸಿಗುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳು ಬೇಕಾದಷ್ಟಿವೆ, ಪಿಯು ಕಾಲೇಜಿನವರು ಅಂಕಪಟ್ಟಿ ನೋಡಿ ಹುಬ್ಬೇರಿಸುವುದಿಲ್ಲ.

ಏಳು ವರ್ಷದ ಕಲಂ

ಈಗ ಮೊದಲು ಹೇಳಿದ ಸಿಇಟಿ ಸಾಲಿಗೆ ಬರೋಣ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮುಂತಾದ ಕೋರ್ಸುಗಳ ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೆಇಎ. ಕರ್ನಾಟಕದ ಅಭ್ಯರ್ಥಿ ಎನಿಸಿಕೊಳ್ಳಲು ಇಲ್ಲಿ ಹುಟ್ಟಿ ಬೆಳೆದರೆ ಸಾಲದು. ಬಹುತೇಕರು ಅರ್ಹರಾಗುವುದು ಎ ಕಲಂ ಅಡಿ. ಅದರ ಪ್ರಕಾರ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜಿನಲ್ಲಿ ಓದಿರಬೇಕು. ಅದಕ್ಕೆ ಶಾಲೆಯ ಮುಖ್ಯಸ್ಥರು ಸಹಿ ಮಾಡಿ, ಬಿಇಒ ಮೇಲುಸಹಿ ಹಾಕಿದ ವ್ಯಾಸಂಗ ಪ್ರಮಾಣಪತ್ರ ಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ಯಾರು ಸಹಿ ಹಾಕುತ್ತಾರೆ?

ಬೆಂಗಳೂರಿನಲ್ಲೇ ಹುಟ್ಟಿ, ಮನೆಯಲ್ಲೇ ಕನ್ನಡ ಮಾತಾಡಿ ಬೆಳೆದ ಮಗು ಹೀಗೆ ಸ್ವಂತ ರಾಜ್ಯದಲ್ಲೇ ಹೊರಗಿನವನಾಗುವ ಅಪಾಯವಿದೆ. ತಪ್ಪಿಸಿಕೊಳ್ಳುವ ದಾರಿಗಳಿವೆ, ಆದರೆ ಬೇಗ ಯೋಚಿಸಿದವರಿಗೆ ಮಾತ್ರ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಇಲ್ಲಿನ ಕಾಲೇಜಿನಲ್ಲಿ ಓದಿದರೆ ಅನ್ವಯಿಸುವ ಬೇರೊಂದು ಕಲಂ ಇದೆ. ಅಂಥವರು ಹತ್ತರವರೆಗೆ ಮನೆಯಲ್ಲಿ ಓದಿಸಿದರೂ ಪಿಯುಸಿಗೆ ಕಾಲೇಜಿಗೆ ಸೇರಿಸುವುದು ಜಾಣತನ. ಜೊತೆಗೆ ಅಪ್ಪ ಅಮ್ಮ ತಮ್ಮ ಹಳೆಯ ಶಾಲೆಗಳಿಗೆ ಹೋಗಿ ತಮ್ಮದೇ ವ್ಯಾಸಂಗ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಬೇಕು. ಊರಿನ ಆ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಎಲ್ಲಿದೆ ಎಂದು ಹುಡುಕಲು ಸಮಯ ಬೇಕು. ತಂದೆ ತಾಯಿಯ ಓದಿನ ಆ ಕಲಂಗೆ ಬಾರದವರು ಮಗುವನ್ನು ಮೊದಲ ಐದು ವರ್ಷ ಮನೆಯಲ್ಲಿ ಓದಿಸಿ, ಆರನೇ ತರಗತಿಗೆ ಶಾಲೆಗೆ ಸೇರಿಸಿದರೂ ದ್ವಿತೀಯ ಪಿಯುಸಿ ಮುಗಿಯುವಷ್ಟರಲ್ಲಿ ಏಳು ವರ್ಷ ತುಂಬುತ್ತದೆ. ಕಲಂಗಳ ಒಕ್ಕಣೆಯನ್ನು ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಕದಲ್ಲೇ ಓದಿಕೊಳ್ಳಿ.

ಗ್ರಾಮೀಣ ಮೀಸಲಾತಿ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಕತೆ ಇನ್ನೂ ಬಿಗಿ. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಒಂದು ವರ್ಷ ಮನೆಯಲ್ಲಿ ಕೂರಿಸಿದರೂ ಅವು ಕೈತಪ್ಪಿದಂತೆ. ಹಳ್ಳಿಗೆ ಮರಳಿ ತೋಟ ಮಾಡಿಕೊಂಡು ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ಕುಟುಂಬಗಳು ಇದನ್ನು ತಿಳಿದೇ ನಿರ್ಧರಿಸಲಿ. ಕಲೆ, ವಾಣಿಜ್ಯ, ವಿನ್ಯಾಸ, ಕಾನೂನಿನ ಕಡೆ ಹೋಗುವ ಮಗುವಿಗೆ, ಖಾಸಗಿ ವಿಶ್ವವಿದ್ಯಾಲಯಕ್ಕೋ ಜೆಇಇ ಬರೆದು ಐಐಟಿಗೋ ಹೋಗುವ ಮಗುವಿಗೆ ಈ ಏಳು ವರ್ಷದ ಗೊಡವೆಯಿಲ್ಲ.

ಹೆಸರಿಗೆ ಶಾಲೆ, ಓದು ಕೋಚಿಂಗಿನಲ್ಲಿ

ಇಷ್ಟೆಲ್ಲ ತಾಪತ್ರಯ ಯಾಕೆ, ಯಾವುದಾದರೂ ಶಾಲೆಯಲ್ಲಿ ಹೆಸರು ಬರೆಸಿ ಮನೆಯಲ್ಲೇ ಇಟ್ಟುಕೊಂಡರಾಯಿತು ಎನ್ನುವ ಸಲಹೆ ನಿಮಗೆ ಬಂದೇ ಬರುತ್ತದೆ. ನೀಟ್, ಜೆಇಇ ಕೋಚಿಂಗ್ ಲೋಕದಲ್ಲಿ ಇದಕ್ಕೆ ಡಮ್ಮಿ ಎಂದೇ ಹೆಸರು. ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಬಿಎಸ್‌ಇ ಎಲ್ಲಕ್ಕೂ ಶೇಕಡಾ 75 ಹಾಜರಾತಿ ಬೇಕು. ಕಾಯಿಲೆ, ರಾಷ್ಟ್ರೀಯ ಮಟ್ಟದ ಕ್ರೀಡೆಯಂಥ ಕಾರಣಕ್ಕೆ ದಾಖಲೆ ಕೊಟ್ಟರೆ ಸಿಬಿಎಸ್‌ಇ ಉಳಿದ 25ರಲ್ಲೂ ವಿನಾಯಿತಿ ಕೊಡುತ್ತದೆ. ಕೋಚಿಂಗ್ ಅಂಥ ಕಾರಣವಲ್ಲ. 2024ರ ಸೆಪ್ಟೆಂಬರಿನಲ್ಲಿ ಸಿಬಿಎಸ್‌ಇ ದೆಹಲಿ ಮತ್ತು ರಾಜಸ್ಥಾನದ ಶಾಲೆಗಳಿಗೆ ಹೇಳದೆ ಕೇಳದೆ ನುಗ್ಗಿ ಪರಿಶೀಲಿಸಿ, ನವೆಂಬರಿನಲ್ಲಿ 21 ಶಾಲೆಗಳ ಮಾನ್ಯತೆ ರದ್ದು ಮಾಡಿತು. ಶಾಲೆಗೆ ಬೀಗ ಬಿದ್ದರೆ ಮಗುವಿನ ವರ್ಷ ಹೋಗುತ್ತದೆ. ಸುಳ್ಳು ಹಾಜರಿಯ ಮೇಲೆ ನಿಲ್ಲುವುದಕ್ಕಿಂತ ಎನ್‌ಐಒಎಸ್‌ಗೆ ರಾಜಾರೋಷವಾಗಿ ಸೇರುವುದೇ ಮೇಲು. ಟೆನಿಸ್, ಚೆಸ್ ಎಂದು ಊರೂರು ಸುತ್ತುವ ಮಕ್ಕಳಲ್ಲಿ ಹಲವರು ಹಿಡಿಯುವುದು ಅದೇ ದಾರಿ.

ಹೊರದೇಶದಲ್ಲಿರುವವರಿಗೆ

ಇಲ್ಲಿನ ಸಡಿಲಿಕೆಯನ್ನು ನಂಬಿಕೊಂಡು ವಿಮಾನ ಹತ್ತಬೇಡಿ. ಜರ್ಮನಿಯಲ್ಲಿ ಹೋಮ್‌ಸ್ಕೂಲಿಂಗ್ ಇಲ್ಲವೆಂದೇ ಹೇಳಬೇಕು. ಧಾರ್ಮಿಕ ಕಾರಣ ಮುಂದಿಟ್ಟು ಹೋದ ಪೋಷಕರ ಅರ್ಜಿಯನ್ನು 2006ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ತಳ್ಳಿಹಾಕಿತು. ರಜೆಗೆ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೊರಟ ಕುಟುಂಬಗಳನ್ನು 2018ರಲ್ಲಿ ಬವೇರಿಯಾದ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಿಡಿದು ವಿಚಾರಿಸಿದ್ದರು. ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕವರು ಇದನ್ನು ತಿಳಿದಿರಬೇಕು.

ಇಂಗ್ಲೆಂಡಿನಲ್ಲಿ ಮನೆಯಲ್ಲಿ ಓದಿಸುವುದು ಪೂರ್ತಿ ಕಾನೂನುಬದ್ಧ. ಶಾಲೆಗೆ ಸೇರಿಸಿದ ಮೇಲೆ ತಪ್ಪಿಸುವುದು ದುಬಾರಿ. ತಂಗಿಯ ಮದುವೆ, ಊರ ಜಾತ್ರೆ ಎಂದು ಪಾಠದ ದಿನಗಳಲ್ಲಿ ಅನುಮತಿಯಿಲ್ಲದೆ ಐದು ದಿನ ತಪ್ಪಿಸಿದರೆ ದಂಡದ ನೋಟಿಸ್ ಬರಬಹುದು. 2024ರ ಆಗಸ್ಟಿನಿಂದ ಅದು ಮಗುವಿಗೆ ಒಬ್ಬೊಬ್ಬ ಪೋಷಕರ ಮೇಲೂ 80 ಪೌಂಡ್, 21 ದಿನದಲ್ಲಿ ಕಟ್ಟದಿದ್ದರೆ 160. ಮೂರು ವರ್ಷದೊಳಗೆ ಎರಡನೇ ಸಲವಾದರೆ ನೇರ 160, ಮೂರನೇ ಸಲಕ್ಕೆ ಕೋರ್ಟಿನ ಮೆಟ್ಟಿಲು. ಅಮೆರಿಕದ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್‌ಗೆ ಒಪ್ಪಿಗೆಯಿದೆ. ಟೆಕ್ಸಾಸ್ ಹೆಚ್ಚೇನೂ ಕೇಳುವುದಿಲ್ಲ, ನ್ಯೂಯಾರ್ಕ್ ಮೂರು ತಿಂಗಳಿಗೊಮ್ಮೆ ವರದಿ ಕೇಳುತ್ತದೆ.

ಶಾಲೆಗೆ ಮರಳುವಾಗ

ಮನೆಯಲ್ಲಿ ಓದಿಸುವ ಪ್ರಯೋಗ ಕೈಗೂಡದಿದ್ದರೆ ನಾಚಿಕೆಪಡುವಂಥದ್ದೇನಿಲ್ಲ, ಕಾನೂನು ಮರಳುವ ದಾರಿಯನ್ನು ಅಗಲವಾಗಿಯೇ ಇಟ್ಟಿದೆ. 14ರೊಳಗಿನ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು ಎನ್ನುತ್ತದೆ ಆರ್‌ಟಿಇ 4ನೇ ಕಲಂ. ಹತ್ತು ವರ್ಷದ ಮಗುವನ್ನು "ಯಾವ ಶಾಲೆಗೂ ಹೋಗಿಲ್ಲವಲ್ಲ, ಒಂದನೇ ಕ್ಲಾಸಿಗೆ ಕೂರಲಿ" ಎನ್ನುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು, ಟಿಸಿ ತಡವಾಯಿತೆಂದು, ವರ್ಷದ ನಡುವೆ ಬಂದಿರೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮಗುವಿಗೆ ಪ್ರವೇಶ ಪರೀಕ್ಷೆ, ಪೋಷಕರಿಗೆ ಸಂದರ್ಶನ ನಡೆಸುವಂತೆಯೂ ಇಲ್ಲ. ಖಾಸಗಿ ಶಾಲೆಗಳು ಇದನ್ನೆಲ್ಲ ಮರೆತಂತೆ ನಟಿಸುತ್ತವೆ. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ನಿಯಮ ಬಾಯಿಪಾಠ. ನಿರಾಕರಿಸಿದರೆ ಕಾರಣವನ್ನು ಬರೆದುಕೊಡಿ ಎಂದು ಕೇಳಿ, ಆ ಕಾಗದ ಹಿಡಿದು ಬಿಇಒ ಬಳಿ ಹೋಗಿ.

ಈಗಷ್ಟೇ ಶಾಲೆಯ ವಯಸ್ಸಿಗೆ ಬರುತ್ತಿರುವ ಮಗು ನಿಮ್ಮದಾದರೆ ಇನ್ನೊಂದು ಲೆಕ್ಕ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025-26ರಲ್ಲಿ ಮಾತ್ರ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು, ಮುಂದೆ ಆ ರಿಯಾಯಿತಿ ಇಲ್ಲವೆಂದು ಆಗಲೇ ಹೇಳಿದ್ದರು. ಶಿಕ್ಷಣ ಹಕ್ಕಿನ ಕಾಯ್ದೆಯ ಕರ್ತವ್ಯವೂ ಆರಕ್ಕೇ ಶುರುವಾಗುತ್ತದೆ. ಎಲ್‌ಕೆಜಿ, ಯುಕೆಜಿಗೆ ಕಳಿಸದೆ ಮಗುವನ್ನು ಮನೆಯಲ್ಲಿ, ಅಜ್ಜಿಯ ಮಡಿಲಲ್ಲಿ, ಹಿತ್ತಲಿನ ಮಣ್ಣಿನಲ್ಲಿ ಬೆಳೆಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅದರಿಂದ ಮುಂದೆ ಯಾವ ಪ್ರಮಾಣಪತ್ರವೂ ತಪ್ಪುವುದಿಲ್ಲ.